‘ಮರುಪ್ರಸಾರ’ ಎಂಬ ಮಾತು

ಒಮ್ಮೆ ಬಿತ್ತರಿಸಿದ ಕಾರ್ಯಕ್ರಮವನ್ನು ಮತ್ತೊಮ್ಮೆ ಬಿತ್ತರಿಸುವುದಕ್ಕೆ ಕನ್ನಡದಲ್ಲಿ ‘ಪುನರ್‌ಪ್ರಸಾರ’, ‘ಮರುಪ್ರಸಾರ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ವೈಯಾಕರಣರ ಮುಂದಿಟ್ಟರೆ ಎರಡಕ್ಕೂ ತೊಡಕೇ. ‘ಪುನರ್ಜನ್ಮ’ವೇನೋ ಸರಿ, ಆದರೆ ಪಕಾರ ಪರವಾದಾಗ ಸಂಸ್ಕೃತದಲ್ಲಿ ರೇಫ ವಿಸರ್ಗವಾಗಿ ‘ಪುನಃಪ್ರಸಾರ’ ಎಂದಾಗಬೇಕು. ಇನ್ನು ‘ಮರು’ ಕನ್ನಡ, ‘ಪ್ರಸಾರ’ ಸಂಸ್ಕೃತ. ಇಂಥ ಕೂಡಿಕೆಯನ್ನು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸವೆಂದು ದೂರವಿಟ್ಟ.

ಆದರೂ ನನ್ನ ಒಲವು ಮರುಪ್ರಸಾರದ ಕಡೆಗೆ. ಮರುಮುದ್ರಣ, ಮರುಪರೀಕ್ಷೆ, ಮರುವಿಚಾರಣೆಗಳನ್ನು ಜನ ಎಂದೋ ಒಪ್ಪಿದ್ದಾರೆ; ರೂಢಿಯೂ ಒಂದು ಪ್ರಮಾಣವೇ. ಮೇಲಾಗಿ ‘ಮರು’ ಎಂದರೆ ಬರಿಯ ‘ಮತ್ತೆ’ ಅಲ್ಲ. ಮರುದಿನವೆಂದರೆ ಕಳೆದ ದಿನದ ಪುನರಾವೃತ್ತಿಯಲ್ಲ, ಅದರ ಮುಂದಿನ ದಿನ. ಮರುಮಾತೆಂದರೆ ಆಡಿದ್ದನ್ನೇ ಆಡುವುದಲ್ಲ, ಉತ್ತರ.

ಬಳಕೆಯಲ್ಲಿ ಒಂದು ಗೊಂದಲವುಂಟು. ದೂರದ ಕೇಂದ್ರದ ಕಾರ್ಯಕ್ರಮವನ್ನು ಅದೇ ಹೊತ್ತಿನಲ್ಲಿ ಹಿಡಿದು ಬಿತ್ತರಿಸುವ ದೂರದರ್ಶನದ ನೆಲೆಗಳನ್ನೂ ‘ಮರುಪ್ರಸಾರ ಕೇಂದ್ರ’ಗಳೆಂದೇ ಕರೆದರು. ಅದಕ್ಕೆ ‘ಸಹಪ್ರಸಾರ’ವೇ ತಕ್ಕ ಮಾತು. ದೆಹಲಿಯಲ್ಲಿ ಓದುತ್ತಿದ್ದ ಕನ್ನಡ ವಾರ್ತೆಯನ್ನು ಬೆಂಗಳೂರು, ಧಾರವಾಡ ನಿಲಯಗಳು ಅದೇ ಗಳಿಗೆಯಲ್ಲಿ ಕೇಳಿಸುತ್ತಿದ್ದುದು ಸಹಪ್ರಸಾರ. ಊರು ಬೇರೆ, ಹೊತ್ತು ಒಂದೇ ಆದರೆ ಅದು ಸಹಪ್ರಸಾರ. ಹೊತ್ತು ಬೇರೆಯಾದರೆ ಮರುಪ್ರಸಾರ.

ಈ ಭೇದ ಪಂಡಿತರ ಚರ್ಚೆಗಷ್ಟೇ ಸೇರಿದ್ದಲ್ಲ. ನಮ್ಮ ಹೊನ್ನವಳ್ಳಿಯ ಕಡೆ, ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ದಿನಗಳಲ್ಲಿ ಸಂಜೆಯ ಭಾಷಣಕ್ಕೆ ಕಿವಿಗೊಡುವ ಬಿಡುವು ಎಷ್ಟು ಮಂದಿಗೆ ಇದ್ದೀತು? ದುಡಿಮೆಯಲ್ಲಿದ್ದವರ ಪಾಲನ್ನು ಎತ್ತಿಟ್ಟು ಬಡಿಸುವುದೇ ಮರುಪ್ರಸಾರ. ಹಳಸಲೆಂದು ಮೂಗು ಮುರಿಯುವವರು ಮೊದಲ ಪಂಕ್ತಿಯಲ್ಲಿ ಉಂಡವರು. 1987–88ರಲ್ಲಿ ಮೊದಲು ಬಂದ ‘ರಾಮಾಯಣ’ ಧಾರಾವಾಹಿಯನ್ನು ದೂರದರ್ಶನ 2020ರ ಮಾರ್ಚ್ 28ರಿಂದ ಮತ್ತೆ ತೋರಿಸಿತು. ಆ ನಡುವೆ ಹುಟ್ಟಿ ಬೆಳೆದ ಎಷ್ಟೋ ಮಂದಿಗೆ ಅದೇ ಮೊದಲ ನೋಟ.

ಆದರೆ ಎಲ್ಲವೂ ಮರುಪ್ರಸಾರಕ್ಕೆ ಒಗ್ಗದು. ಕಳೆದ ವಾರದ ಕೊಬ್ಬರಿ ಧಾರಣೆಯನ್ನು ಇಂದಿನದೆಂದು ನಂಬಿ ತಿಪಟೂರಿನ ಮಾರುಕಟ್ಟೆಗೆ ಗಾಡಿ ಕಟ್ಟಿದವನಿಗೆ ಆಗುವುದು ನಷ್ಟವೇ. ಆದುದರಿಂದ ಉದ್ಘೋಷಕರಲ್ಲಿ ನನ್ನದೊಂದು ಬಿನ್ನಹ: ‘ಇದು ಮರುಪ್ರಸಾರ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ, ಮೊದಲ ಪ್ರಸಾರದ ದಿನಾಂಕವನ್ನೂ ಹೇಳಿ. ಆಗ ಕೇಳುಗ ತಿಳಿದು ಕೇಳುತ್ತಾನೆ. ಪದವೂ ತನ್ನ ಅರ್ಥವನ್ನು ಉಳಿಸಿಕೊಳ್ಳುತ್ತದೆ.