ಹನ್ನೊಂದನೆಯ ದಿನದ ಮಾತ್ರೆ

(ಪಟ್ಟಣದ ಸೇವಾ ಸಮಿತಿಯೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹಳ್ಳಿಯೊಂದರ ಆರೋಗ್ಯ ಕೇಂದ್ರಕ್ಕೆ ನಮ್ಮಿಂದ ಏನಾದರೂ ನೆರವಾಗಬೇಕೆಂಬ ಉದ್ದೇಶದಿಂದ ನಾವಿಂದು ಇಲ್ಲಿ ಸೇರಿದ್ದೇವೆ. ಉದ್ದೇಶವು ಉತ್ತಮವಾದುದು. ಆದರೆ ಹಣ ಸಂಗ್ರಹಕ್ಕೆ ಇಳಿಯುವ ಮುನ್ನ ನಮ್ಮ ಹಿಂದಿನ ಕೆಲಸವನ್ನು ಒಮ್ಮೆ ಪರಾಮರ್ಶಿಸಿಕೊಳ್ಳುವುದು ಒಳಿತು.

ಈ ತನಕ ನಾವು ಮಾಡಿದ್ದೇನು? ಉಚಿತ ವೈದ್ಯಕೀಯ ಶಿಬಿರ. ಶಾಮಿಯಾನ ಹಾಕಿಸಿದೆವು, ಬ್ಯಾನರ್ ಕಟ್ಟಿದೆವು, ಗಣ್ಯರಿಂದ ಉದ್ಘಾಟನೆ ಮಾಡಿಸಿದೆವು. ಸಾಲುಗಟ್ಟಿ ನಿಂತ ಬಡವರ ರಕ್ತದೊತ್ತಡ ಪರೀಕ್ಷಿಸಿ ಹತ್ತು ದಿನಗಳ ಮಾತ್ರೆ ಹಂಚಿದೆವು. ಮರುದಿನ ಪತ್ರಿಕೆಯಲ್ಲಿ ಭಾವಚಿತ್ರವೂ ಪ್ರಕಟವಾಯಿತು. ರಕ್ತದೊತ್ತಡವೇನು ಹತ್ತು ದಿನದ ರೋಗವೇ? ಹನ್ನೊಂದನೆಯ ದಿನ ಆ ರೋಗಿಗಳು ಮಾತ್ರೆಗಾಗಿ ಎಲ್ಲಿಗೆ ಹೋದರು? ನಾವು ಯಾರೂ ವಿಚಾರಿಸಲಿಲ್ಲ. ಇದು ಇತರರ ಮೇಲಿನ ಆರೋಪವಲ್ಲ. ಆ ಶಿಬಿರದ ಸಂಘಟಕರಲ್ಲಿ ನಾವೂ ಇದ್ದೆವು.

ನಮ್ಮದೇ ರಾಜ್ಯದ ಒಂದು ಅನುಭವವನ್ನು ಇಲ್ಲಿ ನೆನಪಿಸಿಕೊಳ್ಳೋಣ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಅನಂತರ ಸ್ಥಾಪನೆಯಾದ ಕರುಣಾ ಟ್ರಸ್ಟ್, ಬೆಟ್ಟದ ಕೆಳಗಿನ ಯಳಂದೂರು ತಾಲೂಕಿನಲ್ಲಿ ಕುಷ್ಠರೋಗ ನಿವಾರಣೆಗೆ ಮುಂದಾಯಿತು. ಕುಷ್ಠರೋಗಕ್ಕೆ ಬಹು ಔಷಧಿ ಚಿಕಿತ್ಸೆಯಿದೆ. ಆದರೆ ಅದನ್ನು ಆರು ತಿಂಗಳು, ಕೆಲವರಿಗೆ ಒಂದು ವರ್ಷ ಕಾಲ ಬಿಡದೆ ಕೊಡಬೇಕು. ಒಂದು ದಿನದ ಶಿಬಿರದಿಂದ ಅದು ಸಾಧ್ಯವೇ? ರೋಗಿಯ ಮನೆಯನ್ನು ಬಲ್ಲವರು, ತಿಂಗಳು ತಿಂಗಳು ಬಾಗಿಲು ತಟ್ಟುವವರು ಬೇಕು.

ಮೂರ್ಛೆರೋಗದ ಕಥೆಯೂ ಇದೇ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತವರ ಸಂಗಡಿಗರು ಯಳಂದೂರಿನಲ್ಲಿ ನಡೆಸಿದ ಅಧ್ಯಯನವು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿನೊಬಾರ್ಬಿಟಾಲ್, ಫೆನಿಟಾಯ್ನ್‌ನಂತಹ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿಯೂ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು. ಮಾತ್ರೆ ಅಗ್ಗವೇ ಸರಿ, ಆದರೆ ಅದು ವರ್ಷಗಟ್ಟಲೆ ತಪ್ಪದೆ ಸಿಗಬೇಕು. ನಡುವೆ ನಿಂತರೆ ಮೂರ್ಛೆ ಮರಳುತ್ತದೆ. ಒಲೆಯ ಮುಂದೆ ಕುಳಿತ ತಾಯಿಗೆ ಅಥವಾ ಕೆರೆಗೆ ಇಳಿದ ಮಗುವಿಗೆ ಮೂರ್ಛೆ ಬಂದರೆ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ.

1996ರಲ್ಲಿ ಸರಕಾರವು ಅದೇ ತಾಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಈ ಟ್ರಸ್ಟಿಗೆ ಒಪ್ಪಿಸಿತು. ಆಸ್ಪತ್ರೆ ಸರಕಾರದ್ದಾಗಿಯೇ ಉಳಿಯಿತು. ವೆಚ್ಚದ ಬಹುಪಾಲನ್ನು ಸರಕಾರವೇ ಭರಿಸಿತು, ಉಳಿದುದನ್ನು ಟ್ರಸ್ಟ್ ಹೊಂದಿಸಿತು. ಸಿಬ್ಬಂದಿ ಊರಲ್ಲೇ ಇರುವುದು, ಅಗತ್ಯ ಔಷಧಗಳು ಮುಗಿಯದಂತೆ ನೋಡಿಕೊಳ್ಳುವುದು, ಮೂರ್ಛೆರೋಗ ಮತ್ತು ಮಾನಸಿಕ ರೋಗಗಳ ಚಿಕಿತ್ಸೆಯನ್ನು ಸಾಮಾನ್ಯ ಚಿಕಿತ್ಸೆಯೊಂದಿಗೆ ಸೇರಿಸುವುದು, ಇವೇ ಅಲ್ಲಿನ ಮುಖ್ಯ ಕೆಲಸಗಳಾದವು. ಕ್ರಮೇಣ ಗುಂಬಳ್ಳಿಯು ಇತರೆಡೆಗೂ ಮಾದರಿಯಾಯಿತು.

ಬಡವನು ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ? ಔಷಧಿ ಉಚಿತವಾದರೂ ಆ ದಿನದ ಕೂಲಿ ಹೋಗುತ್ತದೆ. 2002ರಲ್ಲಿ ಟ್ರಸ್ಟ್, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಯಳಂದೂರು ಮತ್ತು ಟಿ. ನರಸೀಪುರ ತಾಲೂಕುಗಳಲ್ಲಿ ಆರೋಗ್ಯ ವಿಮೆಯೊಂದನ್ನು ಆರಂಭಿಸಿತು. ಸರಕಾರಿ ಆಸ್ಪತ್ರೆಗೆ ದಾಖಲಾದವರಿಗೆ ದಿನಕ್ಕೆ 100 ರೂಪಾಯಿ. ಅದರಲ್ಲಿ 50 ಔಷಧಿಗೆ, 50 ಕಳೆದುಹೋದ ಕೂಲಿಗೆ. ಬಡವರ ಮನೆಯ ಲೆಕ್ಕವನ್ನು ಅರಿತವರಿಗಷ್ಟೇ ಹೊಳೆಯುವ ಯೋಜನೆಯಿದು.

ಸಹೋದರರೇ, ನಿರಂತರತೆಯ ಈ ಪಾಠ ನಮಗೆ ಹೊಸದಾಗಬಾರದಿತ್ತು. ಸದಖಾ ಜಾರಿಯಾ ಎಂದರೆ ಹರಿಯುತ್ತಲೇ ಇರುವ ದಾನ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಆಸ್ಪತ್ರೆ ಕಟ್ಟಿಸಿದಾಗ ಕಟ್ಟಡದೊಂದಿಗೆ ಕೈತೊಳೆದುಕೊಳ್ಳಲಿಲ್ಲ. ಅದರ ನಿತ್ಯದ ಖರ್ಚಿಗಾಗಿ ಅಂಗಡಿ ಮಳಿಗೆಗಳ ಆದಾಯವನ್ನು ವಕ್ಫ್ ಮಾಡಿದನು. ಇಂದು ನಾವು ಕಟ್ಟಡಕ್ಕೆ, ಆಂಬುಲೆನ್ಸಿಗೆ ಧಾರಾಳವಾಗಿ ಕೊಡುತ್ತೇವೆ, ಯಾಕೆಂದರೆ ಅವುಗಳ ಮೇಲೆ ಹೆಸರು ಬರೆಸಬಹುದು. ಚಾಲಕನ ಸಂಬಳಕ್ಕೂ ಡೀಸೆಲ್‌ಗೂ ಕೊಡುವವರು ಎಷ್ಟು ಮಂದಿ? ಮಾತ್ರೆಯ ಮೇಲೆ ಹೆಸರು ಬರೆಸಲು ಸಾಧ್ಯವಿಲ್ಲವಲ್ಲ!

ಆದುದರಿಂದ ನಮ್ಮ ಸಲಹೆ ಇಷ್ಟು. ಈ ವರ್ಷ ಶಿಬಿರ ಬೇಡ. ಆ ಹಣವನ್ನು ಮೂರು ವರ್ಷಗಳಿಗೆ ಹಂಚಿ ತಿಂಗಳಿಗಿಷ್ಟೆಂದು ನಿಗದಿಪಡಿಸೋಣ. ಮೊದಲು ವೈದ್ಯಾಧಿಕಾರಿಯನ್ನೂ ಆಶಾ ಕಾರ್ಯಕರ್ತೆಯರನ್ನೂ ಭೇಟಿಯಾಗಿ, ಯಾವ ಔಷಧಿ ತಿಂಗಳ ಕೊನೆಗೆ ಮುಗಿಯುತ್ತದೆ, ಯಾವ ರೋಗಿ ಬರುವುದನ್ನು ನಿಲ್ಲಿಸಿದ್ದಾನೆ, ಹೆರಿಗೆಗೆ ವಾಹನ ಸಿಗದೆ ಯಾರು ಕಷ್ಟಪಟ್ಟರು ಎಂದು ಕೇಳೋಣ. ಅವರು ಹೇಳಿದುದನ್ನು ಮಾಡೋಣ. ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆ ನಡೆಯುತ್ತಿದೆಯೇ, ಲೆಕ್ಕಪತ್ರ ಸರಿಯಿದೆಯೇ ಎಂದು ವಿಚಾರಿಸುವ ಹಕ್ಕು ಗ್ರಾಮಸ್ಥರಿಗಿದೆ. ಆ ಧೈರ್ಯವನ್ನು ಅವರಲ್ಲಿ ತುಂಬೋಣ.

ಒಂದು ಎಚ್ಚರಿಕೆಯೂ ಅಗತ್ಯ. ನಮ್ಮ ದಾನವು ಸರಕಾರದ ಹೊಣೆಗಾರಿಕೆಗೆ ಪರ್ಯಾಯವಾಗಬಾರದು. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಸರಕಾರದ್ದೇ ಮಾನದಂಡ. ಖಾಲಿ ಬಿದ್ದ ವೈದ್ಯರ ಹುದ್ದೆಯನ್ನು ತುಂಬಿಸುವುದು ಅದರ ಕರ್ತವ್ಯ. ಒಂದು ಕೈಯಲ್ಲಿ ನೆರವು ನೀಡುವಾಗ ಇನ್ನೊಂದು ಕೈಯಲ್ಲಿ ಮನವಿ ಪತ್ರವೂ ಇರಲಿ. ಅಲ್ಲಿಗೆ ಬರುವ ರೋಗಿಯ ಜಾತಿ ಧರ್ಮವನ್ನು ಯಾರೂ ಕೇಳದಿರಲಿ. ಜ್ವರವು ಅದನ್ನು ಕೇಳಿ ಬರುವುದಿಲ್ಲ.

ಮುಂದಿನ ವಾರ್ಷಿಕ ಸಭೆಯಲ್ಲಿ ಎಷ್ಟು ಮಂದಿಯನ್ನು ತಪಾಸಣೆ ಮಾಡಿದೆವೆಂಬ ವರದಿ ಓದುವುದು ಬೇಡ. ಈ ವರ್ಷ ಮಾತ್ರೆ ಆರಂಭಿಸಿದವರಲ್ಲಿ ಎಷ್ಟು ಮಂದಿ ಇನ್ನೂ ಅದನ್ನು ಸೇವಿಸುತ್ತಿದ್ದಾರೆ ಎಂಬುದನ್ನು ಓದೋಣ. ಆ ಸಂಖ್ಯೆ ಚಿಕ್ಕದಾಗಿರಬಹುದು. ಆದರೆ ಅದನ್ನು ಓದುವಾಗ ನಾವು ತಲೆ ತಗ್ಗಿಸಬೇಕಾಗಿ ಬಾರದಿರಲಿ.