ಒತ್ತಕ್ಷರಕ್ಕೂ ಜಾಗ ಬೇಕು

ವಿನ್ಯಾಸಕರು, ಕ್ಯುರೇಟರ್‌ಗಳು ಮತ್ತು ಸಂಗ್ರಹಾಲಯಗಳ ಸಿಬ್ಬಂದಿ ಸೇರಿರುವ ಈ ಸಮಾವೇಶದ ಆಹ್ವಾನ ಪತ್ರಿಕೆಯಲ್ಲಿರುವ ವಿಷಯ, ಪರಂಪರೆಯ ಪ್ರದರ್ಶನ ಸರಣಿಗಳ ದೃಶ್ಯ ಗುರುತು. ನೇರವಾಗಿ ಅಲ್ಲಿಗೇ ಹೋಗುವುದು ಲೇಸು.

ಒಂದೇ ಪ್ರದರ್ಶನಕ್ಕಾದರೆ ಒಂದು ಒಳ್ಳೆಯ ಪೋಸ್ಟರ್ ಸಾಕಾದೀತು. ಸರಣಿಗೆ ಸಾಲದು. ಈ ಸಲ ವೀರಗಲ್ಲು, ಮುಂದಿನ ಸಲ ಇಳಕಲ್ ಸೀರೆ, ಅದರಾಚೆ ಚನ್ನಪಟ್ಟಣದ ಗೊಂಬೆ: ವಸ್ತು ಎಷ್ಟೇ ಬದಲಾದರೂ ಬಾಗಿಲ ಬ್ಯಾನರ್‌ನಿಂದ ಹಿಡಿದು ಗಾಜಿನ ಪೆಟ್ಟಿಗೆಯೊಳಗಿನ ಚಿಕ್ಕ ಲೇಬಲ್‌ವರೆಗೆ ಎಲ್ಲವೂ ಒಂದೇ ಮನೆಯವು ಎಂದು ನೋಡುಗರಿಗೆ ತಿಳಿಯಬೇಕು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಅಲನ್ ಫ್ಲೆಚರ್ 1989ರಲ್ಲಿ ರೂಪಿಸಿಕೊಟ್ಟ ಅಕ್ಷರಗುರುತು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಅರಮನೆಯಿಲ್ಲ, ಕಿರೀಟವಿಲ್ಲ. ಇರುವುದು ಅಕ್ಷರ ಮಾತ್ರ.

ನಮ್ಮಲ್ಲಿ ಪರಂಪರೆ ಎಂದ ಕೂಡಲೇ ಹಂಪಿಯ ಕಲ್ಲಿನ ರಥ ಬಂದು ನಿಲ್ಲುತ್ತದೆ. ಅದು ತಪ್ಪಿದರೆ ಗಂಡಭೇರುಂಡ, ಅದೂ ತಪ್ಪಿದರೆ ಯಕ್ಷಗಾನದ ಕಿರೀಟ. ರಥ 2017ರಿಂದ ಐವತ್ತು ರೂಪಾಯಿ ನೋಟಿನ ಮೇಲಿದೆ, ಗಂಡಭೇರುಂಡ ರಾಜ್ಯದ ಲಾಂಛನದಲ್ಲಿದೆ. ಎಲ್ಲರಿಗೂ ಸೇರಿದ ಚಿತ್ರ ಒಂದು ಸರಣಿಯ ಸ್ವಂತ ಗುರುತಾಗಲಾರದು. ಇಷ್ಟು ಹೇಳಿ ಆ ವಿಷಯ ಬಿಡಬಹುದು, ಏಕೆಂದರೆ ಇದಕ್ಕಿಂತ ದೊಡ್ಡ ನೋವು ಬೇರೆಯೇ ಇದೆ.

ಅದು ಕನ್ನಡ ಅಕ್ಷರಕ್ಕೆ ಆಗುತ್ತಿರುವ ಅನ್ಯಾಯ.

ಕೆಲಸ ನಡೆಯುವ ಕ್ರಮ ಈ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಸರಣಿಯ ಹೆಸರು ಮೊದಲು ಇಂಗ್ಲಿಷಿನಲ್ಲಿ ಹುಟ್ಟುತ್ತದೆ. ಏಜೆನ್ಸಿ ಅದಕ್ಕೆ ತಿಂಗಳುಗಟ್ಟಲೆ ಲೋಗೊ ತಿದ್ದುತ್ತದೆ, ಸಮಿತಿ ಒಪ್ಪುತ್ತದೆ, ಬಣ್ಣ, ಅಳತೆ, ಅಂಚು ಎಲ್ಲವೂ ತೀರ್ಮಾನವಾಗುತ್ತವೆ. ಉದ್ಘಾಟನೆಗೆ ಒಂದು ವಾರ ಇರುವಾಗ ಯಾರಿಗೋ ಕನ್ನಡ ನೆನಪಾಗುತ್ತದೆ. ಆಗ ಇಂಗ್ಲಿಷಿಗೆಂದು ಕೊರೆದಿಟ್ಟ ಜಾಗದೊಳಗೆ ‘ಪ್ರಾಚ್ಯವಸ್ತು ಸಂಗ್ರಹಾಲಯ’ವನ್ನೋ ‘ರಾಷ್ಟ್ರಕೂಟ’ರನ್ನೋ ತುರುಕಬೇಕು. ಇಂಗ್ಲಿಷ್ ಸಾಲಿಗೆ ಕೆಳಗೆ ಹೆಚ್ಚು ಜಾಗ ಬೇಡ. ಕನ್ನಡಕ್ಕೆ ಬೇಕು: ‘ಷ್ಟ್ರ’ದಲ್ಲಿ ಎರಡು ಒತ್ತುಗಳು ಷಕಾರವನ್ನು ಆತುಕೊಳ್ಳುತ್ತವೆ, ಮೇಲೆ ತಲೆಕಟ್ಟೋ ಗುಡಿಸೋ ಇರುತ್ತದೆ. ಸಾಲುಗಳ ನಡುವಿನ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಇದು ತಪ್ಪಲೆಂದು ಅಕ್ಷರವನ್ನೇ ಕಿರಿದು ಮಾಡುತ್ತಾರೆ. ಕಿರಿದಾದಾಗ ದ-ಧ, ಪ-ಫ, ಡ-ಢ ಜೋಡಿಗಳನ್ನು ಬೇರೆಮಾಡುವ ಸೀಳು ಮಾಯವಾಗುತ್ತದೆ.

ಇಂಗ್ಲಿಷಿನಲ್ಲಿ ಶೀರ್ಷಿಕೆಯನ್ನು ಎತ್ತಿ ತೋರಿಸಲು ದೊಡ್ಡಕ್ಷರ ಬಳಸುವುದು ರೂಢಿ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ಯಾವುದು ಹೆಸರು, ಯಾವುದು ಕಾಲ, ಯಾವುದು ವಿವರಣೆ ಎಂಬುದನ್ನು ಅಕ್ಷರದ ದಪ್ಪ, ಗಾತ್ರ, ಬಣ್ಣಗಳಿಂದಲೇ ತೋರಿಸಬೇಕು. ಈ ಲೆಕ್ಕ ವಿನ್ಯಾಸದ ಮೊದಲ ದಿನವೇ ಆಗಬೇಕಾದದ್ದು, ಕೊನೆಯ ವಾರದಲ್ಲಿ ಅಲ್ಲ.

ಹಿರಿಯರಿಗೆ ಹಳೆಯ ಜಗಳ ನೆನಪಿರುತ್ತದೆ. ಇದೇ ಸಮಾವೇಶದಲ್ಲಿ ಒಂದು ಬಣ, ಕನ್ನಡ ಅಕ್ಷರ ಇಂಗ್ಲಿಷ್ ಲೋಗೊವಿನ ‘ಲುಕ್’ಗೆ ಹೊಂದಬೇಕು ಎಂದು ವಾದಿಸಿತು, ಇನ್ನೊಂದು ಬಣ ಎರಡನ್ನೂ ಜೊತೆಜೊತೆಗೆ ಬರೆಯಿರಿ ಎಂದಿತು. ಮೊದಲ ಬಣಕ್ಕೆ ಕೈ ಎತ್ತಿದವರು ಹೆಚ್ಚು. ಅದರ ಫಲ ಮುಂದೆ ಒಂದು ಸಂಸ್ಥೆಯ ಗೇಟಿನ ಮೇಲೆ ಪ್ರದರ್ಶನದ ಬ್ಯಾನರ್ ಆಗಿ ಎಲ್ಲರಿಗೂ ಕಾಣುವಂತೆ ತೂಗಾಡಿತು. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆಯನ್ನು ಯಾರೂ ಒತ್ತಿರಲಿಲ್ಲ. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ತಲೆಯ ಮೇಲೆ ಹಲಂತ ಹೊತ್ತು ಸಾಲಾಗಿ ನಿಂತಿದ್ದವು. ಉದ್ಘಾಟನೆಗೆ ಮೊದಲೇ ತಪ್ಪನ್ನು ತೋರಿಸಿದವರಿಗೆ ಸಿಕ್ಕ ಉತ್ತರ, ‘ಯಾರು ಗಮನಿಸ್ತಾರೆ, ಬಿಡಿ.’ ಪ್ರದರ್ಶನ ಮುಗಿಯುವವರೆಗೂ ಆ ಬ್ಯಾನರ್ ಇಳಿಯಲಿಲ್ಲ. ಒಳಗೆ ಇದ್ದದ್ದು ಕನ್ನಡದ ಶಾಸನಗಳು! ಕಲ್ಲಿನ ಮೇಲೆ ನೂರಾರು ವರ್ಷ ಸರಿಯಾಗಿ ನಿಂತ ಅಕ್ಷರ ಫ್ಲೆಕ್ಸ್ ಮೇಲೆ ಒಂದು ದಿನವೂ ಸರಿಯಾಗಿ ನಿಲ್ಲಲಿಲ್ಲ. ಆ ಕೋಪ ಇನ್ನೂ ಆರಿಲ್ಲ, ಆರಬೇಕಾಗಿಯೂ ಇಲ್ಲ.

ಎರಡು ಭಾಷೆಗಳನ್ನು ಸಮನಾಗಿ ಕಾಣುವುದು ಆಗದ ಕೆಲಸ ಎನ್ನುವವರು 2017ರಲ್ಲಿ ತೆರೆದ ಅಬುಧಾಬಿಯ ಲೂವ್ರ್ ಸಂಗ್ರಹಾಲಯವನ್ನು ನೋಡಬೇಕು. ಫಿಲಿಪ್ ಆಪ್ಲ್ವಾ ರೂಪಿಸಿದ ಅದರ ಗುರುತಿನಲ್ಲಿ ಅರಬ್ಬಿ ಅಕ್ಷರಗಳನ್ನು ಕ್ರಿಸ್ಟಿಯಾನ್ ಸರ್ಕಿಸ್ ಎಂಬ ಅರಬ್ಬಿ ಅಕ್ಷರಶಿಲ್ಪಿಯೇ ಬಿಡಿಸಿದರು. ನ್ಯೂಜಿಲೆಂಡಿನ ತೆ ಪಾಪಾ ಸಂಗ್ರಹಾಲಯ ಮಾವೋರಿ ಮತ್ತು ಇಂಗ್ಲಿಷ್ ಎರಡನ್ನೂ ತನ್ನ ಗುರುತಿನೊಳಗೆ ಇಟ್ಟುಕೊಂಡಿದೆ.

ಅಷ್ಟು ದೂರ ಹೋಗುವುದೂ ಬೇಕಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ನೋಡಿದರೆ ಸಾಕು. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುವ, ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ ಚಿತ್ರವೂ ಬರಹವೂ ಒಟ್ಟಿಗೇ ಇವೆ. ಅಕ್ಷರಕ್ಕೆ ಎಷ್ಟು ಜಾಗ, ಹಂದಿಗೆ ಎಷ್ಟು ಜಾಗ ಎಂದು ಉಳಿ ಎತ್ತುವ ಮೊದಲೇ ಯೋಚಿಸಿದ್ದಾರೆ. ಇನ್ನು ಅಚ್ಚಿಗೆ ಬಂದರೆ, 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕೈಬರಹವೇ ಅಚ್ಚಿಗೆ ಇಳಿಯುವ ವಿಧಾನವಾದ್ದರಿಂದ ಅಲ್ಲಿ ಅಕ್ಷರಕ್ಕೆ ಅಚ್ಚುಮೊಳೆಯ ಚೌಕಟ್ಟಿನ ಕಾಟವಿಲ್ಲ. ಸರಣಿಗೆ ಗುರುತು ಹುಡುಕುವವರಿಗೆ ಸಾಮಗ್ರಿ ಇಲ್ಲಿದೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವ ಮಿಥಿಕ್ ಸೊಸೈಟಿಯ ಯೋಜನೆಯಿಂದ ಹಳೆಯ ಅಕ್ಷರಗಳ ರೂಪಗಳು ಸ್ಪಷ್ಟವಾಗಿ ಕಣ್ಣಿಗೆ ಸಿಗುವಂತಾಗಿದೆ.

ಇನ್ನು ಸಲಹೆಗಳು. ಟೆಂಡರ್ ಪತ್ರದಲ್ಲಿಯೇ ಒಂದು ಷರತ್ತು ಇರಲಿ: ಮೊದಲ ಕರಡಿನಲ್ಲಿಯೇ ಕನ್ನಡ ಶೀರ್ಷಿಕೆ ಇರಬೇಕು, ಇಲ್ಲದಿದ್ದರೆ ಮೊದಲ ಕಂತು ಪಾವತಿಯಾಗದು. ‘ರಾಷ್ಟ್ರಕೂಟ’, ‘ಸಾಂಸ್ಕೃತಿಕ’, ‘ವಾಸ್ತುಶಿಲ್ಪ’, ‘ಪ್ರದರ್ಶನ’ ಎಂಬ ನಾಲ್ಕು ಪದಗಳನ್ನು ಬ್ಯಾನರ್ ಗಾತ್ರದಲ್ಲೂ ಲೇಬಲ್ ಗಾತ್ರದಲ್ಲೂ ಮುದ್ರಿಸಿ ತೋರಿಸಬೇಕು. ಪರದೆಯ ಮೇಲೆ ತೋರಿಸಿದರೆ ಸಾಲದು. ಲೇಬಲ್ ಅಂತಿಮಗೊಳಿಸುವ ಮುನ್ನ ಶಾಲಾ ಮಕ್ಕಳೂ ಕನ್ನಡಕ ಹಾಕಿದ ಹಿರಿಯರೂ ಗಾಜಿನ ಹೊರಗೆ ನಿಂತು ಓದಿ ನೋಡಲಿ. ಶಾಸನ ಪಾಠಗಳಿಗೆ ಆರಿಸುವ ಫಾಂಟ್‌ನಲ್ಲಿ ಹಳಗನ್ನಡದ ೞ ಮತ್ತು ಱ ಅಕ್ಷರಗಳು ಇವೆಯೇ ಎಂದು ಶಾಸನತಜ್ಞರು ಪರೀಕ್ಷಿಸಲಿ. ಯೂನಿಕೋಡ್‌ನಲ್ಲಿ ಎರಡಕ್ಕೂ ಸ್ಥಾನವಿದೆ, ಹಾಗಾಗಿ ನೆಪ ಹೇಳುವಂತಿಲ್ಲ. ಕನ್ನಡ ಅಕ್ಷರ ಬರೆಯುವ ಕಲಾವಿದರಿಗೆ ಲೋಗೊ ಬರೆದವರಷ್ಟೇ ಸಂಭಾವನೆ ಸಲ್ಲಲಿ, ಪ್ರದರ್ಶನದ ಬಾಗಿಲಲ್ಲಿ ಅವರ ಹೆಸರೂ ಇರಲಿ.

ದೊಡ್ಡ ಆಸೆಗಳೂ ಇವೆ. ಹಲ್ಮಿಡಿ ಶಾಸನದ ಅಚ್ಚುಪ್ರತಿಯಿಂದ ಸಿನಿಮಾ ಪೋಸ್ಟರ್‌ವರೆಗೆ ಕನ್ನಡ ಅಕ್ಷರದ ಬದುಕನ್ನು ತೋರಿಸುವ ಶಾಶ್ವತ ಗ್ಯಾಲರಿಯೊಂದು ಆಗಬೇಕು. ನಾಡಿನ ಎಲ್ಲ ಸಂಗ್ರಹಾಲಯಗಳು ಉಚಿತವಾಗಿ ಬಳಸಬಹುದಾದ, ಶಾಸನದ ಅಕ್ಷರಗಳಿಂದ ಸ್ಫೂರ್ತಿ ಪಡೆದ ಒಂದು ಅಕ್ಷರಕುಟುಂಬ ಸಾರ್ವಜನಿಕ ಹಣದಲ್ಲಿ ತಯಾರಾಗಬೇಕು. ಇವು ಈ ವರ್ಷವೇ ಆಗುವ ಭರವಸೆಯಿಲ್ಲ, ಆದರೆ ಬೇಡಿಕೆ ದಾಖಲೆಯಲ್ಲಿ ಇರಲಿ.

ಟೆಂಡರ್ ಷರತ್ತಿನ ನಿರ್ಣಯ ಮಾತ್ರ ಕಾಯುವಂಥದ್ದಲ್ಲ. ಅದು ಮಧ್ಯಾಹ್ನದ ಗೋಷ್ಠಿಯಲ್ಲಿ ಮತಕ್ಕೆ ಬರಲಿದೆ. ತಿದ್ದುಪಡಿ ಸೂಚಿಸುವವರು ಊಟಕ್ಕೆ ಮೊದಲೇ ಕಾರ್ಯದರ್ಶಿಗಳಿಗೆ ಬರೆದು ಕೊಡಬೇಕಾಗಿ ವಿನಂತಿ.