ಮತ ಕೇಳುವವರಿಗೆ ರಾಜಕಾಲುವೆಯ ಪ್ರಶ್ನೆ
(ಬಿನ್ನಿಪೇಟೆಯ ಸಭೆಯಲ್ಲಿ ಮಾಡಿದ ಭಾಷಣ)



2015ರ ಆಗಸ್ಟ್‌ನಲ್ಲಿ ಬೆಂಗಳೂರು ಪಾಲಿಕೆಗೆ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ನಮ್ಮ ವಾರ್ಡುಗಳು ಅಧಿಕಾರಿಗಳ ಕೈಯಲ್ಲೇ ಉಳಿದವು. 2025ರಲ್ಲಿ ನಗರವು ಐದು ಪಾಲಿಕೆಗಳಾಯಿತು. ಪಾಲಿಕೆ ಯಾವುದಾದರೇನು, ಮತ ಕೇಳುವವರು ನಮ್ಮ ಬಾಗಿಲಿಗೆ ಬರಲೇಬೇಕು.

ಪರಿಸರವೆಂದೊಡನೆ ಅಭ್ಯರ್ಥಿಗಳು ಸಸಿ ನೆಡುವ ಮಾತಾಡುತ್ತಾರೆ. ಸಸಿ ಬೇಡವೆನ್ನುವವರು ಯಾರು? ಆದರೆ ನಮ್ಮ ಪ್ರಶ್ನೆ ಇರುವುದು ರಾಜಕಾಲುವೆಯಲ್ಲಿ. ಮಳೆಗಾಲದಲ್ಲಿ ಅದು ಉಕ್ಕಿದರೆ ತಗ್ಗಿನ ಮನೆಗಳೇ ಮೊದಲು ಮುಳುಗುತ್ತವೆ. ಇಲ್ಲಿನ ಕೊಳಚೆಯು ವೃಷಭಾವತಿಯನ್ನು ಸೇರಿ, ಕೆಂಗೇರಿಯನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲದವರೆಗೆ ಹರಿಯುತ್ತದೆ. ಬೇಸಾಯಕ್ಕೆಂದು ಕಟ್ಟಿದ ಆ ಜಲಾಶಯದ ರೈತರು ದಶಕಗಳಿಂದ ನಮ್ಮ ಹೊಲಸಿನ ಫಲ ಉಂಡಿದ್ದಾರೆ.

ಕಾಲುವೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು ಎಂಬ ಸಬೂಬು ಬರಬಹುದು. ಸಂವಿಧಾನದ ಹನ್ನೆರಡನೇ ಅನುಸೂಚಿಯು ನಗರಾಡಳಿತಕ್ಕೆ ಗುರುತಿಸಿದ 18 ವಿಷಯಗಳಲ್ಲಿ ಪರಿಸರ ರಕ್ಷಣೆಯೂ ಒಂದು. ಆದ್ದರಿಂದ ಕೇಳಿರಿ: ವಾರ್ಡಿನಲ್ಲಿ ಒಳಚರಂಡಿಯ ನೀರು ಕಾಲುವೆಗೆ ಸೇರುವ ಜಾಗಗಳು ಯಾವುವು? ಜಲಮಂಡಳಿಯಿಂದ ಅವನ್ನು ಹೇಗೆ ಮುಚ್ಚಿಸುವಿರಿ? ಮಳೆಗೆ ಮುನ್ನ ಹೂಳು ತೆಗೆಸುವಿರಾ? ಉತ್ತರವನ್ನು ಬರೆದಿಟ್ಟುಕೊಳ್ಳಿರಿ, ಮುಂದಿನ ಮಳೆಗಾಲಕ್ಕೆ ತೆರೆದು ನೋಡಿರಿ.

ಕಸದ ಚೀಲವನ್ನು ಕಾಲುವೆಗೆ ಎಸೆಯುವುದನ್ನು ನಾವೂ ನಿಲ್ಲಿಸೋಣ. ಆಗಲೇ ನಮ್ಮ ಪ್ರಶ್ನೆಗೆ ಬೆಲೆ.